ಐನೂರ ಹದಿನಾರೂವರೆ ಇಂಚಿನ ಅಣೆಕಟ್ಟು

ದರ್ಜಿ ಇಂಚಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಮೂವತ್ತೊಂದು ವರ್ಷ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಓಡಾಡಿದ ಮೇಲೆ ಆ ಹೆಸರು ಬೀದಿಗೂ ಮರೆತುಹೋಗಿತ್ತು, ಅವರಿಗೂ ಮರೆತುಹೋಗಿತ್ತು. ಊಟಕ್ಕೆ ಕೂತಾಗಲೂ ಟೇಪು ಕೊರಳಲ್ಲೇ. ಸ್ನಾನಕ್ಕೆ ಹೋದಾಗ ಮಾತ್ರ ಬಚ್ಚಲ ಬಾಗಿಲಿಗೆ ಸಿಕ್ಕಿಸುತ್ತಿದ್ದರು. ಅದೂ ನೆನೆದರೆ ಹಿಗ್ಗೀತು ಎಂಬ ಭಯಕ್ಕೆ. ಅಂಗಡಿಯ ಬಾಗಿಲ ಮೇಲೆ ಅವರೇ ಹೇಳಿ ಬರೆಸಿದ ಬೋರ್ಡಿತ್ತು: ‘ಇಲ್ಲಿ ಅಳತೆ ತಪ್ಪುವುದಿಲ್ಲ. ತಪ್ಪಿದ ದಿನ ಅಂಗಡಿಗೆ ಬೀಗ.’ ಇಂಥ ಮಾತನ್ನು ಬಾಯಲ್ಲಿ ಆಡಿದರೆ ಗಾಳಿಯಲ್ಲಿ ಹೋಗುತ್ತದೆ. ಬೋರ್ಡಿನ ಮೇಲೆ ಬರೆಸಿದರೆ ಷಡ್ಡಕ ಓದುತ್ತಾನೆ.

ಷಡ್ಡಕರು, ಅಂದರೆ ಹೆಂಡತಿಯ ತಂಗಿಯ ಗಂಡ, ಟೈಲ್ಸ್ ಅಂಗಡಿ ಇಟ್ಟುಕೊಂಡವರು. ಇಟ್ಟಿಗೆ ಗೂಡು ನಡೆಸುತ್ತಿದ್ದ ಮಾವನವರು ಕಣ್ಣು ಮುಚ್ಚುವ ಮೊದಲು ಕಿರಿಯ ಮಗಳಿಗೆ ಮಹಡಿ ಮನೆ ಬರೆದರು. ಹಿರಿಯ ಮಗಳಿಗೆ, ಇಟ್ಟಿಗೆಗಾಗಿ ಮಣ್ಣು ತೆಗೆದೂ ತೆಗೆದೂ ಆಗಿದ್ದ ಹೊಂಡ ಬರೆದರು. ಬರೀ ಹೊಂಡವೆಂದರೆ ಪಾಪ ತಟ್ಟೀತು. ಇಳಿಜಾರಿನ ಕಡೆಗೆ ಅಡ್ಡಲಾಗಿ, ಉಳಿದ ಮಣ್ಣನ್ನೆಲ್ಲ ಸುರಿದು ತುಳಿಸಿ, ಅವರು ಒಂದು ಏರಿಯನ್ನೂ ಕಟ್ಟಿದ್ದರು. ಮಳೆ ನೀರು ಅಲ್ಲಿ ನಿಂತು, ನೆಲದಲ್ಲಿ ಇಂಗಿ, ಕೆಳಬೀದಿಯ ಹತ್ತೊಂಬತ್ತು ಮನೆಗಳ ಬಾವಿಗಳಿಗೆ ಬರುತ್ತಿತ್ತು.

ಆ ನೀರಿನ ಯಜಮಾನಿಕೆ ಪೂರ್ತಿ ಇಂಚಪ್ಪನವರ ಹೆಂಡತಿಯದು. ಏರಿಯ ಒಳಬದಿಯಲ್ಲಿದ್ದ ತೂಬಿನ ಕಂಬಕ್ಕೆ ಆಕೆ ಕೆಂಪು ಬಣ್ಣದಲ್ಲಿ ಅಡಿಗೊಂದರಂತೆ ಒಂಬತ್ತು ಗೀಟು ಎಳೆದಿದ್ದರು. ಒಂಬತ್ತನೆಯದು ಏರಿಯ ನೆತ್ತಿಗೆ ಸರಿಸಮ. ನೀರು ಏಳನೇ ಗೀಟು ಮುಟ್ಟಿದರೆ ತೂಬಿನ ಹಲಗೆ ಎತ್ತಿ ಕೆಳಬೀದಿಯ ಕಾಲುವೆಗೆ ಬಿಡುವುದು, ಆರಕ್ಕಿಳಿದರೆ ಮುಚ್ಚುವುದು, ನಾಲ್ಕಕ್ಕಿಳಿದರೆ ಯಾರು ಬಂದು ಗೋಗರೆದರೂ ಹಲಗೆ ಮುಟ್ಟದಿರುವುದು. ಹೆಗ್ಗಣದ ಬಿಲ ಕಂಡರೆ ಅಂದೇ ಮಣ್ಣು ತುಂಬಿ ಕುಟ್ಟುವುದೂ ಆಕೆಯೇ. ಇಂಚಪ್ಪನವರು ಏರಿಗೆ ಸಲ್ಲಿಸುತ್ತಿದ್ದ ಸೇವೆ ಒಂದೇ: ಸಂಜೆ ಅದರ ಮೇಲೆ ಕೂತು ಗಾಳಿ ಸೇವನೆ.

ಎಲ್ಲ ಸುಖವಾಗಿಯೇ ಇತ್ತು. ಷಡ್ಡಕರು ಮಹಡಿಯ ಮೇಲೆ ನೀಲಿ ಟೈಲ್ಸಿನ ಈಜುಕೊಳ ಕಟ್ಟಿಸಿ ನೆಂಟರನ್ನೆಲ್ಲ ಕರೆದದ್ದೇ ತಪ್ಪಾಯಿತು. ಕೊಳವೆಂದರೆ ನಾಲ್ಕು ಜನ ಇಳಿದರೆ ಐದನೆಯವನು ಮೇಲೆ ನಿಂತು ಟವೆಲ್ ಹಿಡಿಯಬೇಕು, ಅಷ್ಟು. ಅದರಲ್ಲಿ ಎದೆಮಟ್ಟ ಮುಳುಗಿ ಕೂತ ಷಡ್ಡಕರು ಎಲ್ಲರಿಗೂ ಕೇಳುವಂತೆ ಕೂಗಿದರು.

“ಏನ್ ಷಡ್ಡಕರೇ, ನಿಮ್ಮ ಗುಂಡಿ ಹೇಗಿದೆ? ಸೊಳ್ಳೆಗಳೆಲ್ಲ ಕ್ಷೇಮಾನಾ?”

ನೆಂಟರು ನಕ್ಕರು. ನಗದಿದ್ದವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅದು ಇನ್ನೂ ಕೆಟ್ಟದ್ದು. ಇಂಚಪ್ಪನವರು ಟೇಪಿನ ಎರಡೂ ತುದಿ ಹಿಡಿದು ಎದ್ದು ನಿಂತರು.

“ಗುಂಡಿ ಅಲ್ರೀ ಅದು. ಅಣೆಕಟ್ಟು. ಖಾಸಗಿ ಅಣೆಕಟ್ಟು!”

ಆಡಿದ ಮಾತಿಗೆ ಆಧಾರ ಬೇಕಲ್ಲ? ಮರುದಿನ ಏರಿಯ ಮೇಲೆ ‘ಖಾಸಗಿ ಅಣೆಕಟ್ಟು’ ಎಂಬ ಬೋರ್ಡು ಎದ್ದಿತು. ಅದೇ ವಾರ ಪತ್ರಿಕೆಯಲ್ಲಿ ಅಣೆಕಟ್ಟು ಸುರಕ್ಷತಾ ಕಚೇರಿಯ ಪ್ರಕಟಣೆ ಬಂತು. ಖಾಸಗಿ ಅಣೆಕಟ್ಟುಗಳ ಮಾಲೀಕರು ಕೂಡಲೇ ಅರ್ಜಿ ತುಂಬಿ ಕಳಿಸಬೇಕಂತೆ. ಸರ್ಕಾರವೇ ‘ಮಾಲೀಕರೇ’ ಎಂದು ಕರೆದರೆ ಯಾರಿಗೆ ತಾನೇ ಎದೆ ಉಬ್ಬದು? ಇಂಚಪ್ಪನವರು ಅರ್ಜಿ ತರಿಸಿ ಕತ್ತರಿಸುವ ಮೇಜಿನ ಮೇಲೆ ಹರಡಿದರು. ಆರನೇ ಕಲಂನಲ್ಲಿ ಒಂದೇ ಪದವಿತ್ತು: ‘ಎತ್ತರ’.

“ಒಂಬತ್ತು ಅಂತ ಬರೀರಿ. ಕಂಬದ ಮೇಲೆ ಗೀಟಿದೆಯಲ್ಲ,” ಎಂದರು ಹೆಂಡತಿ, ಗುಂಡಿ ಹೊಲಿಯುತ್ತ.

“ಗೀಟು ನೋಡಿ ಬರೆಯೋದಕ್ಕೆ ನಾನೇನು ಗುಮಾಸ್ತನಾ? ಮೂವತ್ತೊಂದು ವರ್ಷ ಅಳತೆ ಹಿಡಿದವನು ಕಣೇ ನಾನು.”

ಬೇಸಿಗೆ. ನೀರು ಮೂಲೆಯಲ್ಲಿ ಒಂದಿಷ್ಟು ಉಳಿದಿತ್ತು. ಟೇಪಿನ ಇನ್ನೊಂದು ತುದಿ ಹಿಡಿಯಲು ಕೆಳಬೀದಿಯ ಲಾಂಡ್ರಿಯವನು ಬಂದ. ಇಂಚಪ್ಪನವರು ಏರಿಯನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿದರು. ಹೊಟ್ಟೆ ಬಂದ ಗಿರಾಕಿ ಅಂಗಡಿಯೊಳಗೆ ಬಂದಾಗ ನೋಡುವ ನೋಟ ಅದು. ಏರಿಗೂ ಹೊಟ್ಟೆ ಇತ್ತು. ಹೊಟ್ಟೆ ಇರುವ ಮೈಯನ್ನು ಕಡ್ಡಿ ಹಿಡಿದು ನೆಟ್ಟಗೆ ಅಳೆದರೆ ಅಂಗಿಯ ಗುಂಡಿ ಹಾರುತ್ತದೆ, ಮೈಗುಂಟವೇ ಅಳೆಯಬೇಕು. ದರ್ಜಿಯ ಮೊದಲ ಪಾಠವೇ ಇದು. ಆದ್ದರಿಂದ ಹೊರಗಿನ ಬುಡದಿಂದ ಹಿಡಿದು, ಮೈಗುಂಟ ಹತ್ತಿ, ನೆತ್ತಿ ದಾಟಿ, ಒಳಗಿನ ಬುಡದವರೆಗೂ ಇಳಿದು, ಟೇಪು ಮುಗಿದಲ್ಲೆಲ್ಲ ಗುಂಡುಸೂಜಿ ಚುಚ್ಚಿ, ಅಳೆದರು. ಮಂಡಿಯ ಮೇಲೆ ಹೋಗಿ ಮಂಡಿಯ ಮೇಲೆ ಬಂದರು. ಕೊನೆಗೆ ‘ಐನೂರ ಹದಿನಾರೂವರೆ ಇಂಚು’ ಎಂದು ಬರೆದು, ಕೆಳಗೆ ಗೀಟು ಎಳೆದರು. ನಲವತ್ತಮೂರು ಅಡಿ, ಮೇಲೆ ಅರ್ಧ ಇಂಚು.

ಕಚೇರಿಗೆ ಮೀರಿದ ಪ್ರಾಮಾಣಿಕತೆ ಅದು. ಕಚೇರಿ ಅದನ್ನು ನಂಬಿತು.

ಮಳೆ ಬಂದು ನೀರು ಆರನೇ ಗೀಟು ದಾಟಿದ್ದ ಹೊತ್ತಿಗೆ ಉತ್ತರ ಬಂತು. ಕಾಂಕ್ರೀಟು ಇಲ್ಲದೆ ಬರೀ ಮಣ್ಣಿನಲ್ಲಿ ಕಟ್ಟಿದ, ಮೂವತ್ತು ಅಡಿ ಮೀರಿದ ಖಾಸಗಿ ಅಣೆಕಟ್ಟು ಜನರ ಪ್ರಾಣಕ್ಕೆ ಅಪಾಯ. ಹದಿನೈದು ದಿನದಲ್ಲಿ ಕಚೇರಿಯೇ ಯಂತ್ರ ತಂದು ಏರಿಯನ್ನು ಕಡಿದು ನೀರನ್ನು ಖಾಲಿ ಮಾಡಿಸುತ್ತದೆ. ಮಾಲೀಕರು ಸಹಕರಿಸಬೇಕು.

ಲಾಂಡ್ರಿಯವನು ಕಾಗದ ಓದಿ ಅಲ್ಲೇ ಸ್ಟೂಲಿನ ಮೇಲೆ ಕುಸಿದ. “ಅಣ್ಣಾ, ಈ ನೀರು ಹೋದ್ರೆ ನಮ್ಮ ಹತ್ತೊಂಬತ್ತು ಬಾವೀನೂ ಹೋದ ಹಾಗೆ. ನಾನು ಬಟ್ಟೇನ ಎಂಜಲಲ್ಲಿ ಒಗೀಲಾ?”

“ಯಾವನು ಕಡೀತಾನೋ ನೋಡೇಬಿಡ್ತೀನಿ,” ಎಂದರು ಇಂಚಪ್ಪನವರು.

ಮೂರನೇ ದಿನ ಸುರಕ್ಷತಾ ಕಚೇರಿಯ ಸಾಹೇಬರು ತನಿಖೆಗೆ ಬಂದರು. ಮೊದಲು ಹೊಟ್ಟೆ ಜೀಪಿನಿಂದ ಇಳಿಯಿತು, ಆಮೇಲೆ ಸಾಹೇಬರು ಇಳಿದರು. ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಆಚೆ ಒಬ್ಬನ ಕೈಯಲ್ಲಿ ಅಂಕಿ ಬರೆದ ಉದ್ದದ ಪಟ್ಟಿ ಹಿಡಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಕಣ್ಣು ಮುಚ್ಚಿಯೂ ನೋಡಿದರು. ಷಡ್ಡಕರು ಹೇಗೋ ಸುದ್ದಿ ತಿಳಿದು, ಕೊಡೆ ಹಿಡಿದು ಬಂದು, ಎಲ್ಲ ಚೆನ್ನಾಗಿ ಕಾಣುವ ಜಾಗದಲ್ಲಿ ನಿಂತಿದ್ದರು.

“ಒಂಬತ್ತು ಅಡಿ ಇದೆಯಲ್ರೀ!” ಎಂದರು ಸಾಹೇಬರು. “ಕಾಗದದಲ್ಲಿ ನಲವತ್ಮೂರಿದೆ. ಬಾಕಿ ಮೂವತ್ನಾಲ್ಕು ಅಡಿ ಅಣೆಕಟ್ಟು ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ ಸಾರ್. ಅಲ್ಲೇ ಇದೆ.”

“ಎಲ್ಲಿ? ತೋರಿಸಿ.”

“ನಿಮ್ಮ ಕಾಲಡೀಲೇ ಇದೆ. ಮೈಗುಂಟ ಅಳೀರಿ, ಸಿಗುತ್ತೆ.”

ಸಾಹೇಬರು ಕಾಲೆತ್ತಿ ಕೆಳಗೆ ನೋಡಿದರು. ಹೊಟ್ಟೆ ಅಡ್ಡ ಬಂದು ಕಾಲು ಕಾಣಲಿಲ್ಲ. ಅವರಿಗೆ ಸಿಟ್ಟು ಬಂತು. “ನೋಡ್ರೀ, ಫೈಲಲ್ಲಿ ನಲವತ್ಮೂರಿದ್ರೆ ನನ್ನ ಪಾಲಿಗೆ ಅದು ನಲವತ್ಮೂರೇ. ಕಡೀಲೇಬೇಕು. ಬೇಡ ಅಂದ್ರೆ ಒಂದೇ ದಾರಿ. ‘ನನ್ನ ಅಳತೆ ತಪ್ಪು’ ಅಂತ ಬರೆದು ಸಹಿ ಹಾಕಿ. ಫೈಲು ಮುಚ್ತೀನಿ.”

ಕೆಳಬೀದಿಯವರ ಮುಖ ಅರಳಿತು. ಲಾಂಡ್ರಿಯವನು ಜೇಬಿನಿಂದ ಪೆನ್ನನ್ನೂ ತೆಗೆದುಕೊಟ್ಟ. ಅಷ್ಟರಲ್ಲಿ ಕೊಡೆಯ ಕೆಳಗಿನಿಂದ ಷಡ್ಡಕರ ದನಿ ಬಂತು.

“ಹಾಕಿ ಷಡ್ಡಕರೇ, ಹಾಕಿ. ನಾಲ್ಕಕ್ಷರ ತಾನೇ? ಆಮೇಲೆ ಅಂಗಡಿ ಬೋರ್ಡ್ ಓದೋಣ.”

ಪೆನ್ನು ಇಂಚಪ್ಪನವರ ಕೈಯಿಂದ ಲಾಂಡ್ರಿಯವನ ಜೇಬಿಗೆ ವಾಪಸು ಹೋಯಿತು. “ಅಳತೆ ತಪ್ಪಿಲ್ಲ,” ಎಂದರು ಇಂಚಪ್ಪನವರು. “ತಪ್ಪಿದ್ದರೆ ತಾನೇ ಬರೆಯೋದು?”

ಅಲ್ಲಿಗೆ ಅವರ ಸ್ಥಿತಿ ಹೀಗಾಯಿತು. ಸಹಿ ಹಾಕಿದರೆ ಅಂಗಡಿಗೆ ಬೀಗ. ಹಾಕದಿದ್ದರೆ ಏರಿ ಒಡೆದು ಹತ್ತೊಂಬತ್ತು ಬಾವಿ ಖಾಲಿ.

ಮುಂದಿನ ಒಂದು ವಾರ ಅಂಗಡಿಗೆ ಬಟ್ಟೆ ಹೊಲಿಸಲು ಬಂದವರಿಗಿಂತ ಬುದ್ಧಿ ಹೇಳಲು ಬಂದವರೇ ಹೆಚ್ಚು. “ಒಂದು ಸಹಿ ಮಾವ,” ಎಂದರು ಕೆಲವರು. “ನಿಮ್ಮ ಹಟಕ್ಕೆ ನಮ್ಮ ಗಂಟಲು ಒಣಗಬೇಕಾ?” ಎಂದರು ಕೆಳಬೀದಿಯ ಹೆಂಗಸರು. ಷಡ್ಡಕರು ಬುದ್ಧಿ ಹೇಳಲಿಲ್ಲ. ಅವರು ಬಣ್ಣದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟು ಹೋದರು. ಬಿಚ್ಚಿದರೆ ಹೊಚ್ಚ ಹೊಸ ಬೀಗ, ಎರಡು ಕೀಲಿಕೈ ಸಮೇತ.

ಇಂಚಪ್ಪನವರು ಅದನ್ನು ಎಸೆಯಲಿಲ್ಲ. ಎಲ್ಲರಿಗೂ ಕಾಣುವಂತೆ ಮೊಳೆಗೆ ನೇತುಹಾಕಿದರು. “ಇರಲಿ. ಭಯ ಇದ್ದವನು ಬಚ್ಚಿಡ್ತಾನೆ.”

“ಭಯ ಇಲ್ಲ ಸರಿ. ಬುದ್ಧಿ?” ಎಂದರು ಹೆಂಡತಿ. ಆಮೇಲೆ ಸೂಜಿ ಕೆಳಗಿಟ್ಟರು. “ಕೇಳಿ ಇಲ್ಲಿ. ನಿಮ್ಮ ಅಳತೆ ನಿಮ್ಮ ಹಣೆಬರಹ, ನನಗೆ ಬೇಡ. ಆ ಏರಿ ನಮ್ಮಪ್ಪ ತುಳಿದದ್ದು. ಅದರ ಮೇಲೆ ಒಂದು ಗುದ್ದಲಿ ಬಿದ್ರೆ, ಮೊದಲು ನನ್ನ ಮೇಲೆ ಬೀಳಬೇಕು. ನೀವು ಸಹಿ ಹಾಕ್ತೀರೋ, ಸರ್ಕಸ್ ಮಾಡ್ತೀರೋ, ಏರಿ ಉಳಿಸಿ.”

ಇಂಚಪ್ಪನವರು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಸರ್ಕಸ್ಸೇ ಆಗಬೇಕಿತ್ತು, ಆದರೆ ಹೇಗೆಂದು ತೋಚಲಿಲ್ಲ.

ಹನ್ನೊಂದನೇ ದಿನ ಸರ್ಕಸ್ಸು ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿತು. ಬಂದವರು ಸಾಹೇಬರು. ಕಂಕುಳಲ್ಲಿ ಬೂದು ಬಣ್ಣದ ಬಟ್ಟೆ.

“ಫೈಲಿನ ವಿಷಯ ಬೇರೆ, ಇದು ಬೇರೆ,” ಎಂದರು ಸಂಕೋಚದಿಂದ. “ಏರಿ ಒಡೆಯೋ ದಿನ ಮೇಲಿನ ಮೇಡಮ್ ಬರ್ತಾರೆ. ನಮ್ಮ ಕಚೇರೀಲಿ ಇದೇ ಮೊದಲನೇ ಒಡೆತ, ಫೋಟೋ ತೆಗೀತಾರೆ. ನನಗೊಂದು ಕೋಟು ಬೇಕಿತ್ತು. ಇಲ್ಲಿ ನಿಮ್ಮಷ್ಟು ಚೆನ್ನಾಗಿ ಹೊಲಿಯೋರು ಬೇರೆ ಯಾರೂ ಇಲ್ವಂತೆ.”

ಒಬ್ಬ ಮನುಷ್ಯನ ಏರಿ ಒಡೆಯಲು ಅವನ ಕೈಯಲ್ಲೇ ಕೋಟು ಹೊಲಿಸಿಕೊಳ್ಳುವುದೆಂದರೆ ಅದಕ್ಕೆ ಎಂಟೆದೆ ಬೇಕು, ಇಲ್ಲವೆ ಏನೂ ಗೊತ್ತಿಲ್ಲದ ಮುಗ್ಧತೆ ಬೇಕು. ಹೆಂಡತಿ ಕತ್ತರಿಯ ಕಡೆಗೆ ನೋಡಿದರು. ಇಂಚಪ್ಪನವರು ಮಾತ್ರ ನಕ್ಕು, ಕೊರಳಿನ ಟೇಪು ತೆಗೆದು ಗೂಟಕ್ಕೆ ಹಾಕಿಬಿಟ್ಟರು. ಮೂವತ್ತೊಂದು ವರ್ಷದಲ್ಲಿ ಗಿರಾಕಿಯ ಮುಂದೆ ಹೀಗೆ ಮಾಡಿದ್ದು ಅದೇ ಮೊದಲು.

“ನಿಮ್ಮ ಕಚೇರಿ ಪದ್ಧತೀಲೇ ಅಳೀತೀನಿ ಸಾರ್. ನೆಟ್ಟಗೆ ನಿಂತ್ಕೊಳಿ.”

ಮರದ ಅಡಿಕೋಲು ತಂದರು. ಸಾಹೇಬರ ಎದುರಿಗೆ ಐದು ಹೆಜ್ಜೆ ದೂರ ನಿಂತು, ಒಂದು ಕಣ್ಣು ಮುಚ್ಚಿ, ಕೋಲನ್ನು ಅಡ್ಡ ಹಿಡಿದು ನೋಡಿದರು. “ಅಗಲ ಹದಿನೇಳು. ಮುಂದೆ ಹದಿನೇಳು, ಹಿಂದೆ ಹದಿನೇಳು. ಮೂವತ್ನಾಲ್ಕು. ಬರ್ಕೊಳ್ಳೇ.”

“ಮೂವತ್ನಾಲ್ಕಾ?” ಸಾಹೇಬರಿಗೆ ಕಾಲೇಜಿನ ದಿನಗಳು ನೆನಪಾಗಿರಬೇಕು, ಖುಷಿಯಾದರು. “ಅಷ್ಟೇನಾ? ಹಿಂದಿನ ಟೈಲರ್ ನಲವತ್ತಾರು ಅಂತಿದ್ದ.”

“ಅವನಿಗೆ ಕಚೇರಿ ಲೆಕ್ಕ ಗೊತ್ತಿಲ್ಲ ಸಾರ್.”

ಹದಿನೈದನೇ ದಿನ ಬೆಳಿಗ್ಗೆ ಮಣ್ಣು ಅಗೆಯುವ ಹಳದಿ ಯಂತ್ರ ಗುಡುಗುಡು ಎನ್ನುತ್ತ ಬಂದು ಏರಿಯ ಬುಡದಲ್ಲಿ ನಿಂತಿತು. ಏರಿಯ ನೆತ್ತಿಯ ಮೇಲೆ, ಸರಿಯಾಗಿ ಅದರ ಹಲ್ಲಿಗೆ ಎದುರಾಗಿ, ಮನೆಯ ಮರದ ಕುರ್ಚಿ ಹಾಕಿಕೊಂಡು ಇಂಚಪ್ಪನವರ ಹೆಂಡತಿ ಕೂತಿದ್ದರು. ಕೈಯಲ್ಲಿ ಯಾರದೋ ಅಂಗಿಯ ಕಾಲರು, ಹೊಲಿಯುತ್ತಲೇ ಇದ್ದರು. ಅವರ ಹಿಂದೆ ಕೆಳಬೀದಿಯ ಹತ್ತೊಂಬತ್ತು ಮನೆಯವರೂ ಖಾಲಿ ಬಿಂದಿಗೆ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಯಂತ್ರದ ಡ್ರೈವರು ಎಂಜಿನ್ ಆರಿಸಿದ.

“ಏಳ್ರಮ್ಮಾ!” ಎಂದು ಸಾಹೇಬರು ಕೂಗಿದರು.

“ಕಾಲರು ಮುಗೀಲಿ ಸಾರ್,” ಎಂದರು ಆಕೆ, ತಲೆ ಎತ್ತದೆ.

ಸಾಹೇಬರಿಗೆ ಆಗ ಕುರ್ಚಿಗಿಂತ ಕೋಟಿನ ಚಿಂತೆ ದೊಡ್ಡದಾಗಿತ್ತು. ಮೇಡಮ್ಮಿನ ಕಾರು ಊರ ಹೊರಗಿನ ಸೇತುವೆ ದಾಟಿತೆಂದು ಫೋನು ಬಂದಿತ್ತು. ಇಂಚಪ್ಪನವರು ಕೋಟನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಿನಿಂದ, ಬಹಳ ಮರ್ಯಾದೆಯಿಂದ ತೊಡಿಸಿದರು. ಎಡದ ತೋಳು ತುರುಕಿ ತುರುಕಿ ಹೋಯಿತು. ಬಲದ ತೋಳು ಮೊಣಕೈವರೆಗೆ ಹೋಗಿ ನಿಂತಿತು. ಮುಂದೆ ಎರಡು ಬದಿಗಳ ನಡುವೆ ಒಂದು ಗೇಣಿಗೂ ಮೀರಿದ ಬಯಲಿತ್ತು. ಬಯಲಿನ ನಡುವೆ ಸಾಹೇಬರ ಹೊಟ್ಟೆ ಇತ್ತು.

“ಏನ್ರೀ ಇದು?” ಸಾಹೇಬರು ಕೋಟನ್ನು ಬಿಚ್ಚಲು ಹೋದರು. ತೋಳು ಬರಲಿಲ್ಲ. ಹಾಕಿಕೊಳ್ಳಲು ಹೋದರು, ಹೋಗಲಿಲ್ಲ. ಎರಡೂ ಕೈಗಳು ಕೋಳಿಯ ರೆಕ್ಕೆಯಂತೆ ಬದಿಗೆ ನಿಂತವು. “ನಲವತ್ತಾರು ಇಂಚಿನ ಮೈ ಇದು! ಬಾಕಿ ಹನ್ನೆರಡು ಇಂಚು ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ ಸಾರ್,” ಎಂದರು ಇಂಚಪ್ಪನವರು. “ನೆಟ್ಟಗೆ ನೋಡಿದ್ರೆ ಮೂವತ್ನಾಲ್ಕೇ.”

“ಅಯ್ಯೋ ನಿಮ್ಮ! ಹೊಟ್ಟೆ ಉಬ್ಬಿರೋದು ಕಾಣ್ಸಲ್ವಾ? ನೆಟ್ಟಗೆ ಅಳೆದ್ರೆ ಹೇಗ್ರೀ ಆಗುತ್ತೆ? ಮೈಗುಂಟ ಅಳೀಬೇಕು! ಅಷ್ಟೂ ಗೊತ್ತಿಲ್ವಾ?”

ಏರಿಯ ಮೇಲೆ ಸೂಜಿ ನಿಂತಿತು. ಇಂದೂ ಬಂದು ನಿಂತಿದ್ದ ಷಡ್ಡಕರ ಕೊಡೆ ಒಂದಿಷ್ಟು ಕೆಳಗಿಳಿಯಿತು.

“ಇದನ್ನೇ ಬರೆದುಕೊಡಿ ಸಾರ್,” ಎಂದರು ಇಂಚಪ್ಪನವರು. “ಉಬ್ಬಿರೋದನ್ನ ಮೈಗುಂಟ ಅಳೀಬೇಕು, ಅರ್ಜಿದಾರರು ಹಾಗೇ ಅಳೆದಿದ್ದಾರೆ, ಅವರ ಅಳತೇಲಿ ತಪ್ಪಿಲ್ಲ. ನೆಟ್ಟಗಿನ ಎತ್ತರ ಬೇಕು ಅಂತ ಕಚೇರಿ ಕೇಳಿರಲಿಲ್ಲ. ನೆಟ್ಟಗೆ ನೋಡಿದ್ರೆ ಒಂಬತ್ತು ಅಡಿ, ಆದ್ದರಿಂದ ಕಡಿಯೋ ಅಗತ್ಯ ಇಲ್ಲ. ಇಷ್ಟೇ.”

“ಸಾಧ್ಯ ಇಲ್ಲ!”

“ಬೇಡ ಬಿಡಿ. ಮೇಡಮ್ ಬರ್ತಾರೆ, ಫೋಟೋ ತೆಗೀತಾರೆ.” ಅವರು ಕತ್ತರಿಯನ್ನು ಜೇಬಿನಿಂದ ಅರ್ಧ ತೆಗೆದು ತೋರಿಸಿದರು. “ಈ ಕೋಟಿನ ಪ್ರತಿ ಹೊಲಿಗೆಯೊಳಗೂ ಬಟ್ಟೆ ಮಡಚಿಟ್ಟಿದ್ದೀನಿ. ಎರಡೂ ಬದಿಗೆ ಆರಾರು ಇಂಚು, ತೋಳಲ್ಲೂ ಬೇಕಾದಷ್ಟು. ಎಳೆ ಕತ್ತರಿಸಿದ್ರೆ ನಿಮಿಷದಲ್ಲಿ ನಲವತ್ತಾರು ಆಗುತ್ತೆ. ಸಾರ್, ನೀವು ಮೆಟ್ಟಿಲು ಹತ್ತುವಾಗಲೇ ನನ್ನ ಕಣ್ಣು ನಿಮ್ಮ ಅಳತೆ ತಗೊಂಡಿತ್ತು. ಮೊದಲು ಫೈಲು, ಆಮೇಲೆ ಕತ್ತರಿ.”

ದೂರದಲ್ಲಿ ಕಾರಿನ ಹಾರನ್ ಕೇಳಿಸಿತು. ಸಾಹೇಬರು ಏರಿಯನ್ನು ನೋಡಿದರು, ರಸ್ತೆ ನೋಡಿದರು, ತಮ್ಮ ಹೊಟ್ಟೆ ನೋಡಿದರು. ಕೈ ಬಾಗುವಂತಿರಲಿಲ್ಲ, ಲಾಂಡ್ರಿಯವನು ಓಡಿಬಂದು ಫೈಲನ್ನು ಅವರ ಕೈ ಇದ್ದಲ್ಲಿಗೇ ಹಿಡಿದ. ಪೆನ್ನೂ ಅವನದೇ. ಆ ದಿನದ ಬರವಣಿಗೆ ಇಂದಿಗೂ ಕಚೇರಿಯಲ್ಲಿ ಯಾರಿಗೂ ಓದಲು ಬರುವುದಿಲ್ಲ, ಆದರೆ ಸಹಿ ಮಾತ್ರ ಸ್ಪಷ್ಟವಾಗಿದೆ.

ಕತ್ತರಿ ಕಚಕ್ ಎಂದು ಆರು ಕಡೆ ಆಡಿತು. ಮಡಿಕೆಗಳು ಬಿಚ್ಚಿದವು. ನಾಲ್ಕು ಗುಂಡುಸೂಜಿ, ಎರಡು ಎಳೆತ. ಮೇಡಮ್ಮು ಕಾರಿನಿಂದ ಇಳಿಯುವ ಹೊತ್ತಿಗೆ ಸಾಹೇಬರು ಮದುವೆ ಗಂಡಿನಂತೆ ನಿಂತಿದ್ದರು.

“ಎಲ್ಲಿ ನಿಮ್ಮ ನಲವತ್ಮೂರು ಅಡಿ ಅಣೆಕಟ್ಟು?” ಎಂದರು ಮೇಡಮ್.

“ಮರುತನಿಖೆ ಆಯ್ತು ಮೇಡಮ್. ಒಂಬತ್ತೇ ಅಡಿ. ಹದಿನೈದರ ಕೆಳಗಿದ್ರೆ ಅದು ಅಣೆಕಟ್ಟೇ ಅಲ್ಲ, ನಮ್ಮ ಕಚೇರಿಗೆ ಸೇರೋದೂ ಇಲ್ಲ.”

“ಹಾಗಾದ್ರೆ ಈ ಯಂತ್ರ ಯಾಕೆ? ನಾನು ಯಾಕೆ? ಈ ಕೋಟು ಯಾಕೆ?”

ಸಾಹೇಬರು ಕೋಟಿನ ಗುಂಡುಸೂಜಿ ತಡವಿಕೊಂಡರು. ಮೇಡಮ್ ಏರಿ ಹತ್ತಿ, ತೂಬು ನೋಡಿ, ಕೆಂಪು ಗೀಟುಗಳನ್ನು ಬೆರಳಲ್ಲಿ ಎಣಿಸಿ, “ಇದನ್ನು ಎಳೆದವರು ಯಾರು? ನಮ್ಮ ಕಚೇರಿಗಿಂತ ಅಚ್ಚುಕಟ್ಟಾಗಿದೆ,” ಎಂದರು. ಇಂಚಪ್ಪನವರು ಎದೆ ಮುಂದೆ ಮಾಡಿದರು. ಕುರ್ಚಿಯ ಮೇಲಿನವರು ಕೆಮ್ಮಿದರು. ಎದೆ ಹಿಂದೆ ಹೋಯಿತು. ಹೋಗುವಾಗ ಮೇಡಮ್ ಒಂದು ಮಾತು ಹೇಳಿದರು: ‘ಖಾಸಗಿ ಅಣೆಕಟ್ಟು’ ಎಂಬ ಬೋರ್ಡು ಇಳಿಯಬೇಕು.

ಷಡ್ಡಕರಿಗೆ ಹೋದ ಜೀವ ಬಂತು. “ಅಂದ್ರೆ ಅಣೆಕಟ್ಟಲ್ಲ ಅನ್ನಿ! ಗುಂಡಿ! ನಾನು ಮೊದಲೇ ಹೇಳಿದ್ದೆ!”

“ಗುಂಡೀನೋ ಏನೋ. ಏರಿ ನಿಂತಿದೆಯಲ್ಲ, ಅದನ್ನ ನೋಡಿ ಹೋಗಿ,” ಎಂದರು ಹೆಂಡತಿ. ಕೆಳಬೀದಿಯ ಹೆಂಗಸರು ಬಿಂದಿಗೆ ಎತ್ತಿಕೊಂಡು ಎದ್ದರು. ಷಡ್ಡಕರು ಯಾಕೋ ಬೇಗ ಹೊರಟರು.

ಎಲ್ಲ ಹೋದ ಮೇಲೆ ಆಕೆ ತೂಬಿನ ಹಲಗೆ ಎತ್ತಿದರು. ಅಂದು ಏಳನೇ ಗೀಟು ಮುಟ್ಟಿದ್ದ ನೀರು ಕಾಲುವೆಗೆ ಧುಮುಕಿತು. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡ ಇಂಚಪ್ಪನವರು ಪಕ್ಕದಲ್ಲಿ ಕೂತರು. “ನೋಡಿದೆಯಾ? ಮೂವತ್ತೊಂದು ವರ್ಷ. ಒಂದು ಎಳೆ ತಪ್ಪಿಲ್ಲ!”

“ಬೇಸಿಗೇಲಿ ನೀವು ಅಳೆದ ಮಾರನೇ ದಿನ ನಾನೂ ಅಳೆದೆ,” ಎಂದರು ಆಕೆ. “ಮೈಗುಂಟಾನೇ. ನಿಮ್ಮ ಟೇಪಲ್ಲೇ, ನೀವು ಸ್ನಾನಕ್ಕೆ ಹೋದಾಗ. ಐನೂರ ಹದಿನಾಲ್ಕೂವರೆ ಬಂತು.”

ಇಂಚಪ್ಪನವರು ಕೊರಳಿನ ಟೇಪಿನ ತುದಿ ಹಿಡಿದು ಅಂಕಿಗಳನ್ನು ನೋಡಿದರು.

“ಎರಡಿಂಚು ಜಾಸ್ತಿ ಬರೆದೆ,” ಎಂದರು ಕೊನೆಗೆ, ಸಣ್ಣ ದನಿಯಲ್ಲಿ. “ಮಣ್ಣು ನೆನೆದ್ರೆ ಕುಗ್ಗುತ್ತಲ್ಲ, ಅದಕ್ಕೆ ಬಿಟ್ಟೆ. ಬಟ್ಟೆಗೆ ಬಿಡೋ ಹಾಗೆ.”

“ಅಳತೆ ಅಂದ್ರೆ ಅಳತೆ.”

“ಹೌದು. ಅಳತೆ ಅಂದ್ರೆ ಅಳತೆ.” ಅವರು ಎದ್ದರು. ನೆಟ್ಟಗೆ ಅಂಗಡಿಗೆ ಹೋಗಿ, ಮೊಳೆಗೆ ತೂಗುತ್ತಿದ್ದ ಹೊಸ ಬೀಗ ತೆಗೆದು, ಬಾಗಿಲಿಗೆ ಜಡಿದು, ವಾಪಸು ಬಂದು ಎರಡೂ ಕೀಲಿಕೈ ಹೆಂಡತಿಯ ಮಡಿಲಿಗೆ ಹಾಕಿದರು.

ಆಕೆಗೆ ಕಣ್ಣು ತುಂಬಿ ಬಂತು. “ಅಯ್ಯೋ, ಏನ್ರೀ ಇದು? ಯಾರಿಗೂ ಗೊತ್ತಿಲ್ವಲ್ರೀ.”

“ನನಗೆ ಗೊತ್ತಲ್ಲ.” ಒಂದು ಕ್ಷಣ ಬಿಟ್ಟು, ಟೇಪು ಸರಿಮಾಡಿಕೊಂಡು ಹೇಳಿದರು, “ಆದ್ರೆ ಎಷ್ಟು ಹೊತ್ತು ಅಂತ ಬೋರ್ಡಲ್ಲಿ ಬರೆಸಿಲ್ಲ. ನೀರು ಆರನೇ ಗೀಟಿಗೆ ಇಳಿದ ಕೂಡಲೇ ಕೊಡು.”

ಕಾಲುವೆಗೆ ಬಂದ ನೀರು ನೋಡಿ ಕುಣಿಯುತ್ತ ಮೇಲೆ ಬಂದ ಲಾಂಡ್ರಿಯವನು ದಾರಿಯಲ್ಲಿ ಅಂಗಡಿಯ ಬೀಗ ಕಂಡು ಗಾಬರಿಯಾಗಿದ್ದ. “ಅಣ್ಣಾ! ಅಂಗಡಿ ಯಾಕೆ ಮುಚ್ಚಿದೆ?”

“ಇವತ್ತು ರಜೆ ಕಣೋ. ಅಣೆಕಟ್ಟು ಉಳಿದ ದಿನ.”

“ಅದು ಅಣೆಕಟ್ಟೇ ಅಲ್ಲ ಅಂತ ಸಾಹೇಬರೇ ಹೇಳಿದ್ರಲ್ಲ?”

ಇಂಚಪ್ಪನವರು ಬೋರ್ಡನ್ನು ಏರಿಯ ಮೇಲೆ ಮಗುಚಿ ಹಾಸಿ, ಅದರ ಮೇಲೆ ಗಟ್ಟಿಯಾಗಿ ಕೂತುಕೊಂಡರು.

“ಅದು ಅವರ ಅಳತೆ,” ಎಂದರು.